ಕಿಟಕಿಯ ಸಿಹಿ

ವಿಜಯಸಾರಥಿಗಳು ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಹೇಳಿದವರಲ್ಲ. ಅದಕ್ಕೆ ತಲೆ ಬಾಚಿ, ಹೂ ಮುಡಿಸಿ, ಆಮೇಲೆಯೇ ಎದುರಿನವರ ಮುಂದೆ ತಂದು ನಿಲ್ಲಿಸುವವರು. ಬೇಲೂರಿನ ಹೈಸ್ಕೂಲೊಂದರಲ್ಲಿ ಗುಮಾಸ್ತರಾಗಿದ್ದಷ್ಟು ಕಾಲವೂ ಫೇಲಾದ ಹುಡುಗನ ಅಪ್ಪನಿಗೆ ಅವರು ಫೇಲು ಎಂದು ಹೇಳಿದ್ದಿಲ್ಲ. ಇನ್ನೊಂದು ಸಲ ಬರೆದರೆ ಇನ್ನೂ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು. ಅಪ್ಪಂದಿರು ಖುಷಿಯಿಂದ ಹೊರಟು, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಿಡಿಸಿ ಹೇಳಿದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಊರು ಅವರನ್ನು ಒಳ್ಳೆಯ ಮನುಷ್ಯ ಎಂದಿತು, ಅವರೂ ಅದನ್ನು ನಂಬಿದರು. ಆ ಒಳ್ಳೆಯತನ ಒಂದು ದಿನ ನೇರ ಮೊಮ್ಮಗಳ ತೊಟ್ಟಿಲ ಹತ್ತಿರಕ್ಕೇ ಬಂದು ನಿಂತಿತು.

ಅವರ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿದೆ. ಹಿಂದಿನವರು ದೇವರ ಕೈಂಕರ್ಯದಲ್ಲಿದ್ದಾಗ ಕಟ್ಟಿದ್ದು. ಗಟ್ಟಿ ಮನೆ, ತಂಪು ಮನೆ, ಎಲ್ಲ ಸರಿ. ಆದರೆ ಆ ಮನೆಗೆ ಒಂದು ಮಾತು ಅಂಟಿಕೊಂಡಿತ್ತು. ಅಲ್ಲಿ ಶುಭಕಾರ್ಯ ನಡೆದರೆ ಮನೆ ಒಂದು ಮಗುವನ್ನು ಕೇಳುತ್ತದೆ ಎಂದು. ವಿಜಯಸಾರಥಿಗಳ ಅಪ್ಪನಿಗೆ ಅಲಮೇಲು ಎಂಬ ತಂಗಿ ಇದ್ದಳಂತೆ. ಯಾರದೋ ಮದುವೆ ಮುಗಿದು ಚಪ್ಪರದ ಮಾವಿನೆಲೆ ಒಣಗುವ ಮೊದಲೇ ಆ ಕೂಸು ಸೆಳವು ಬಂದು ತೀರಿಹೋಯಿತು. ಆಮೇಲೆ ವಿಜಯಸಾರಥಿಗಳ ಅಣ್ಣ ಯೋಗನರಸಿಂಹನ ಸರದಿ. ಅಮರಕೋಶವನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದ ಹುಡುಗ, ಉಪನಯನವಾದ ವರ್ಷವೇ ಹೊಟ್ಟೆನೋವು ಎಂದು ಮುದುಡಿ ಮಲಗಿದ. ಎದ್ದಾಗ ಮಾತು ಹೋಗಿತ್ತು, ಬುದ್ಧಿ ಮಂಕಾಗಿತ್ತು. ದೃಷ್ಟಿ ತಾಗಿದೆ ಎಂದರು, ದೇವರೇ ನಾಲಗೆ ಕೇಳಿ ತಗೊಂಡ ಎಂದರು. ಪ್ರತಿ ಸಲವೂ ಶಾಂತಿ ಮಾಡಿಸಿ, ಮನೆಗೆಲ್ಲ ಮತ್ತೊಮ್ಮೆ ಬಣ್ಣ ಹೊಡೆಸಿದರು.

ಯೋಗಣ್ಣನಿಗೆ ಈಗ ಎಪ್ಪತ್ತರ ಹತ್ತಿರ. ಬೀದಿ ಕಡೆಯ ಕೋಣೆಯ ಹಸಿರು ಕಿಟಕಿಯೇ ಅವನ ಸಂಸಾರ. ಬೆಳಿಗ್ಗೆ ಅಲ್ಲಿ ಕೂತರೆ ಊಟಕ್ಕೆ ಕೈ ಹಿಡಿದು ಎಬ್ಬಿಸಬೇಕು. ಆಗಾಗ ಬಗ್ಗಿ ಕಿಟಕಿಯ ಚೌಕಟ್ಟಿಗೆ ನಾಲಗೆ ತಾಗಿಸಿ, ತನ್ನಲ್ಲಿ ಉಳಿದಿದ್ದ ಒಂದೇ ಒಂದು ಮಾತನ್ನು ಆಡುತ್ತಿದ್ದ: "ಸಿಹಿ." ಮನೆಯವರಿಗೆ ಅದು ಗಡಿಯಾರದ ಸದ್ದಿನಷ್ಟೇ ಮಾಮೂಲಾಗಿತ್ತು. ವಿಜಯಸಾರಥಿಗಳಿಗೆ ಮಾತ್ರ ಆ ಕಿಟಕಿಯ ಬಗ್ಗೆ ಒಂದು ಹಳೆಯ ಸಿಟ್ಟು. ಚಿಕ್ಕವರಿದ್ದಾಗ ಅವರು ಅದನ್ನು ಹತ್ತಲು ಹೋದಾಗಲೆಲ್ಲ ಯೋಗಣ್ಣ ಬಾಯಿಗೆ ಬಾಯಿಗೆ ಹೊಡೆದು ಕೆಳಕ್ಕೆ ತಳ್ಳುತ್ತಿದ್ದ. ಅಮ್ಮ ಅವನಿಗೆ ಬಾರಿಸಿ, ಹೊಟ್ಟೆಕಿಚ್ಚಿನ ಮುಂಡೇದು ಎಂದು ಬೈಯುತ್ತಿದ್ದಳು.

ಮಗಳು ಹಿತಾ ಅರಸೀಕೆರೆಗೆ ಕೊಟ್ಟ ಹುಡುಗಿ. ಗಂಡ ಮುರಳೀಕೃಷ್ಣ ಅಲ್ಲಿಯ ರೈಲ್ವೆಯಲ್ಲಿ ನೌಕರ. ಚೊಚ್ಚಲು ಹೆರಿಗೆಗೆ ತವರಿಗೆ ಬಂದವಳಿಗೆ ದಿನ ತುಂಬುವ ಮೊದಲೇ ಹೆಣ್ಣು ಮಗುವಾಯಿತು. ಮೂರನೇ ತಿಂಗಳಲ್ಲಿ ತೊಟ್ಟಿಲ ಶಾಸ್ತ್ರ, ಬೀಗರ ಕಡೆಯವರೆಲ್ಲ ಬರುವವರು. ಬೀದಿ ಕೋಣೆಯ ಗಾರೆ ಉದುರುತ್ತಿತ್ತು, ಕಿಟಕಿಗೆ ಗೆದ್ದಲು ಹಿಡಿದಿತ್ತು. ಹೆರಿಗೆಗೆ ಮೊದಲೇ ಮುಗಿಸಬೇಕಿದ್ದ ಕೆಲಸ ಬಾಣಂತನದ ಮೇಲೆ ಬಂದು ಬಿತ್ತು.

ಕೆಲಸ ಹಿಡಿದವಳು ದಿವ್ಯಾ. ಜಾವಗಲ್ ಕಡೆಯ ರೈತರ ಮನೆಯ ಹುಡುಗಿ, ಎಂಜಿನಿಯರಿಂಗ್ ಓದಿ ಹಳೇ ಮನೆಗಳ ರಿಪೇರಿಯನ್ನೇ ಉದ್ಯೋಗ ಮಾಡಿಕೊಂಡವಳು. ಜೀಪು ಓಡಿಸುತ್ತಾಳೆ, ದನಿ ಸ್ವಲ್ಪ ಜೋರು. ಅವಳದೊಂದು ಕಟ್ಟುನಿಟ್ಟು: ಉಳಿ ಸುತ್ತಿಗೆ ಮುಟ್ಟುವ ಮೊದಲು ಮನೆಯಲ್ಲಿರುವ ಎಲ್ಲರನ್ನೂ, ಅಜ್ಜಿಯಿಂದ ಹಿಡಿದು ಮುಸುರೆ ತಿಕ್ಕುವವಳವರೆಗೆ, ನಡುಮನೆಯಲ್ಲಿ ಕೂರಿಸಿ ಹಳೇ ಬಣ್ಣದ ವಿಷಯ ಹೇಳಬೇಕು. ಹಳೇಬೀಡಿನ ಒಂದು ಮನೆಯಲ್ಲಿ ಯಜಮಾನರಿಗಷ್ಟೇ ಹೇಳಿ ಸುಮ್ಮನಾಗಿ, ಹಿಂದಿನ ಭಾಗದ ಬಾಡಿಗೆಯವರ ಮಗು ಆಸ್ಪತ್ರೆ ಸೇರಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಈ ಮನೆಯ ಕಿಟಕಿಯ ಒಂದು ಚಕ್ಕೆಯನ್ನು ಅವಳು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದ್ದಳು. ಅದರಲ್ಲಿ ಸೀಸ ಇತ್ತು, ಇರಬಾರದಷ್ಟಿತ್ತು. ಕೆರೆದರೆ ಧೂಳಾಗುತ್ತೆ, ಧೂಳು ಮಗುವಿನ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುತ್ತೆ, ರಕ್ತದಿಂದ ತಲೆಗೆ ಹೋಗುತ್ತೆ ಎಂದು ಜಗುಲಿಯಲ್ಲಿ ನಿಂತೇ ವಿವರಿಸಿದಳು. ಮಕ್ಕಳು ಮಂಕಾಗುತ್ತವೆ, ಮಾತು ನಿಲ್ಲುತ್ತೆ, ಹೆಚ್ಚಾದರೆ ಸೆಳವು ಬರುತ್ತೆ. ಸೀಸ ನಾಲಗೆಗೆ ಸಿಹಿ, ಅದಕ್ಕೇ ಮಕ್ಕಳು ಮತ್ತೆ ಮತ್ತೆ ಬಾಯಿಗೆ ಹಾಕಿಕೊಳ್ಳುತ್ತವೆ ಎಂದಳು. ಒಳಗೆ ಯೋಗಣ್ಣನ ದನಿ ಆಗಲೇ ಒಮ್ಮೆ ಕೇಳಿಸಿತ್ತು. ವಿಜಯಸಾರಥಿಗಳಿಗೆ ಎಲ್ಲ ಅರ್ಥವಾಯಿತು, ಆದರೂ ನಗುತ್ತಲೇ ಇದ್ದರು.

ಎಲ್ಲರನ್ನೂ ಕರೆಯಿರಿ ಎಂದು ದಿವ್ಯಾ ಅಂದಾಗ ಅವರು ಅಡ್ಡ ಬಂದರು.

"ಬಾಣಂತಿ ಇರೋ ಮನೆ ಕಣಮ್ಮಾ ಇದು. ವಿಷ, ಸೆಳವು, ಇಂಥ ಮಾತು ಅವಳ ಕಿವಿಗೆ ಬೀಳಬಾರದು. ಹಾಲು ಬತ್ತಿಹೋಗುತ್ತೆ ಅಂತಾರೆ ನಮ್ಮಲ್ಲಿ. ನನಗೆ ಹೇಳಿದೆಯಲ್ಲ, ನಾನು ಹೇಳ್ತೀನಿ."

"ಧೂಳಿಗಿಂತ ಹೊಗೆ ಕೆಟ್ಟದ್ದು ಸರ್. ಬಿಚ್ಚಿದ ಮರಾನ ಯಾರೂ ಸುಡಬಾರದು. ಇದೊಂದನ್ನಾದರೂ ಎಲ್ರಿಗೂ ಬಿಡಿಸಿ ಹೇಳ್ತೀರಾ?"

"ಹೇಳ್ತೀನಿ," ಎಂದರು. ದಿವ್ಯಾ ಅರೆಮನಸ್ಸಿನಿಂದ ತಲೆಯಾಡಿಸಿದಳು. ಅಪ್ಪನ ವಯಸ್ಸಿನವರು, ದೇವಸ್ಥಾನದ ಬೀದಿಯವರು, ಕೈ ಬೇರೆ ಮುಗಿದಿದ್ದರು. ಬಾಣಂತಿಯನ್ನು ಅರಸೀಕೆರೆಗಾದರೂ ಕಳಿಸಿ ಎಂದಳು. ಮೂರು ತಿಂಗಳು ತುಂಬದೆ ಹೊಸಿಲು ದಾಟಿಸುವ ಹಾಗಿಲ್ಲ ಎಂದು ಅದನ್ನೂ ನಯವಾಗಿ ತಳ್ಳಿಹಾಕಿದರು.

ಒಳಗೆ ಹೋಗಿ ಅವರು ಹೇಳಿದ್ದು ಇಷ್ಟು: ಬೀದಿ ಕೋಣೆಯಲ್ಲಿ ಧೂಳು ಏಳುತ್ತೆ, ಮಗುವಿಗೆ ನೆಗಡಿಯಾದೀತು, ಆ ಕಡೆ ಯಾರೂ ಹೋಗಬೇಡಿ. ಹೆಂಡತಿ ಕೋಮಲವಲ್ಲಿ ಸರಿ ಎಂದರು. ಮರದ ಮಾತು ವಿಜಯಸಾರಥಿಗಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಸುಡಬೇಡಿ ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಯಾಕೆ ಎಂದು ಹೇಳಹೊರಟರೆ ಅಲಮೇಲು ಬರುತ್ತಾಳೆ, ಯೋಗಣ್ಣ ಬರುತ್ತಾನೆ, ಸಂಜೆಗೆ ಮನೆಯಿಡೀ ಅಳು. ಅಡುಗೆಗೆ ಗ್ಯಾಸು ಇದೆ, ಮರ ಯಾರಿಗೆ ಬೇಕು ಎಂದು ತಮಗೆ ತಾವೇ ಹೇಳಿಕೊಂಡು ಕಾಫಿ ಕೇಳಿದರು.

ಕೆಲಸ ಶುರುವಾಯಿತು. ದಿವ್ಯಾ ಬೀದಿ ಕೋಣೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಕಿಟಕಿಗೆ ನೀರು ಚಿಮುಕಿಸಿ ಚಿಮುಕಿಸಿ ಬಣ್ಣವನ್ನು ಒದ್ದೆಯಲ್ಲೇ ಎಬ್ಬಿಸಿದಳು. ಹಸಿರಿನ ಕೆಳಗೆ ನೀಲಿ ಇತ್ತು, ನೀಲಿಯ ಕೆಳಗೆ ಹಳದಿ, ಎಲ್ಲದಕ್ಕೂ ಅಡಿಯಲ್ಲಿ ಕೆಂಪು. ಮಧ್ಯಾಹ್ನ ಅವಳು ವಿಜಯಸಾರಥಿಗಳನ್ನು ಕರೆದು ಚೌಕಟ್ಟಿನ ಕೆಳಗಿನ ಅಂಚನ್ನು ತೋರಿಸಿದಳು. ಅಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು, ಕೊಬ್ಬರಿ ಚೂರಿಗೆ ಮಕ್ಕಳು ಹಲ್ಲು ಊರಿದಂತೆ.

ಹಸಿರಿನಲ್ಲಿದ್ದ ಗುರುತುಗಳು ಯೋಗಣ್ಣನವು, ಅದು ಅವರಿಗೂ ಗೊತ್ತು. ಆದರೆ ಗುರುತುಗಳು ನೀಲಿಯಲ್ಲೂ ಇದ್ದವು, ಅವನು ಹುಡುಗನಾಗಿದ್ದಾಗಿನವು. ಹಳದಿಯಲ್ಲಿ ಇನ್ನೂ ಕೆಳಗೆ, ಇನ್ನೂ ಚಿಕ್ಕ ಬಾಯಿಯದೊಂದು, ಅಲಮೇಲುವಿನದಿರಬೇಕು. ಕೆಂಪಿನಲ್ಲಿ, ಯಾರೂ ಹೆಸರು ನೆನಪಿಟ್ಟುಕೊಳ್ಳದ ಒಂದು ಮಗುವಿನದು. ಪ್ರತಿ ಸಲ ಒಂದು ಮಗು ಹೋದ ಮೇಲೆ ಮನೆಯವರು ಆ ಹಲ್ಲಿನ ಮೇಲೇ ಹೊಸ ಬಣ್ಣ ಬಳಿದಿದ್ದರು, ಬಣ್ಣದ ಮೇಲೆ ಮುಂದಿನ ಮಗು ಹಲ್ಲು ಊರಿತ್ತು. ವಿಜಯಸಾರಥಿಗಳು ಬೆರಳಿನಿಂದ ಆ ಹಳದಿ ಕಚ್ಚನ್ನು ಮುಟ್ಟಿದರು. ಒದ್ದೆಯಾಗಿತ್ತು. ದಿವ್ಯಾ ಚಿಮುಕಿಸಿದ ನೀರೇ ಅದು, ಆದರೂ ಅವರ ಕೈ ತಾನಾಗಿ ಹಿಂದಕ್ಕೆ ಬಂತು.

"ಮನೇಲಿ ಎಲ್ರಿಗೂ ಹೇಳಿದ್ದೀರಲ್ಲ ಸರ್?" ಎಂದಳು ದಿವ್ಯಾ.

"ಹೇಳಿದ್ದೀನಿ," ಎಂದರು.

ಕಿಟಕಿ ಬಿಚ್ಚಿದ ಮೇಲೆ ಗೋಡೆಯಲ್ಲಿ ಕಂಡಿ ಉಳಿಯಿತು. ಅದಕ್ಕೂ ಹಾಳೆ ಕಟ್ಟಿದ್ದರು. ಬೀದಿಯ ಗಾಳಿಗೆ ಅದು ಒಳಕ್ಕೆ ಉಬ್ಬುವುದು, ಹೊರಕ್ಕೆ ಜಗ್ಗುವುದು. ಜಗುಲಿಯಲ್ಲಿ ಪೇಪರು ಓದುವಾಗ ಬೆನ್ನ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ ಎನಿಸಿ ಅವರು ಎದ್ದು ಕೂರುವ ಜಾಗವನ್ನೇ ಬದಲಾಯಿಸಿದರು. ಮರದ ತುಂಡುಗಳನ್ನೆಲ್ಲ ದಿವ್ಯಾ ಹಾಳೆಯಲ್ಲಿ ಸುತ್ತಿ ಹಿತ್ತಲ ಕೊಟ್ಟಿಗೆಯಲ್ಲಿಟ್ಟಳು. ಈ ಕೆಲಸ ಮುಗಿದ ಮೇಲೆ ತಾನೇ ಸಾಗಿಸುವುದಾಗಿ ಹೇಳಿದಳು.

ಯೋಗಣ್ಣನ ಪಾಡು ನೋಡಲಾಗುತ್ತಿರಲಿಲ್ಲ. ಮನೆಯ ಮೂಲೆ ಮೂಲೆ ಮೂಸಿ ಹುಡುಕಿದ. ಕೊನೆಗೆ ಕೊಟ್ಟಿಗೆಯನ್ನು ಕಂಡುಹಿಡಿದು ಅಲ್ಲೇ ಕೂತ. ಪಾಪ, ಹೇಗೋ ಒಂದು ಜಾಗ ಸಿಕ್ಕಿತಲ್ಲ ಎಂದು ಎಲ್ಲರಿಗೂ ನಿರಾಳವಾಯಿತು. ಹಿತ್ತಲಿನಿಂದ ಬೆಳಿಗ್ಗೆ ಮಚ್ಚಿನ ಸದ್ದು ಕೇಳುತ್ತಿತ್ತು. ವಿಜಯಸಾರಥಿಗಳು ಅದನ್ನು ಕೇಳಿಯೂ ಕೇಳದವರಂತೆ ಪೇಪರು ಓದುತ್ತಿದ್ದರು. ಬಚ್ಚಲು, ಬಾಣಂತಿ, ಹಂಡೆ ನೀರು, ಇವು ಹೆಂಗಸರ ರಾಜ್ಯ. ಹೆರಿಗೆಯಾದ ಮೇಲೆ ಅವರು ಆ ಕಡೆ ತಲೆ ಹಾಕಿದವರೇ ಅಲ್ಲ.

ಮಗು ಮಾತ್ರ ಈಚೆಗೆ ಬಹಳ ಒಳ್ಳೆಯ ಮಗುವಾಗಿತ್ತು. ಮೊದಲೆಲ್ಲ ಬೀದಿ ತುಂಬ ಕೇಳುವಂತೆ ಅಳುತ್ತಿದ್ದದ್ದು ಈಗ ತೊಟ್ಟಿಲಲ್ಲಿ ಸುಮ್ಮನೆ ಕಣ್ಣು ತೆರೆದು ಮಲಗಿರುತ್ತಿತ್ತು. ನೋಡಲು ಬಂದವರು ಎಷ್ಟು ಸಾಧು ಕೂಸು ಎಂದು ಹೊಗಳಿದರು. ವಿಜಯಸಾರಥಿಗಳಿಗೆ ಅಮ್ಮ ಹೇಳುತ್ತಿದ್ದ ಮಾತು ನೆನಪಾಯಿತು. ಉಪನಯನದ ಗಲಾಟೆಯೆಲ್ಲ ಮುಗಿದ ಮೇಲೆ ಯೋಗ ಇದ್ದಕ್ಕಿದ್ದ ಹಾಗೆ ಎಷ್ಟು ಸಾಧುವಾದ ಎಂದು. ಅವರು ತೊಟ್ಟಿಲ ಮೇಲೆ ಬಗ್ಗಿ ಚಿಟಿಕೆ ಹೊಡೆದರು. ಮಗು ಅವರನ್ನು ನೋಡಲಿಲ್ಲ. ತುಟಿಯನ್ನು ಮಾತ್ರ ಮೆಲ್ಲಗೆ ನೆಕ್ಕಿಕೊಂಡಿತು. ಧೂಳು ಒಳಗೆ ಬಂದೇ ಇಲ್ಲ, ಹಾಳೆ ಗಟ್ಟಿಯಾಗಿದೆ ಎಂದು ಅವರು ಬಾಗಿಲಿಗೆ ಕಟ್ಟಿದ್ದ ಹಾಳೆಯನ್ನು ಮತ್ತೊಮ್ಮೆ ಹೋಗಿ ಮುಟ್ಟಿ ನೋಡಿದರು.

ಬಾಣಂತಿಗೂ ಮಗುವಿಗೂ ಎರೆಯಲು ಬಿಕ್ಕೋಡಿನಿಂದ ಮುದ್ದಮ್ಮ ಬರುತ್ತಿದ್ದಳು, ಬೆಳಗಿನ ಬಸ್ಸಿಗೆ. ಹಿತಾ ಕೂಸಾಗಿದ್ದಾಗ ಎರೆದದ್ದೂ ಅವಳೇ. ಸೌದೆಯಲ್ಲಿ ಕಾಯಿಸಿದ ಹಂಡೆ ನೀರೇ ಆಗಬೇಕು ಅವಳಿಗೆ. ಎರೆದಾದ ಮೇಲೆ ಒಲೆಯ ಕೆಂಡ ತೆಗೆದು, ಸಾಂಬ್ರಾಣಿ ಉದುರಿಸಿ, ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಮಗುವನ್ನು ಆ ಹೊಗೆಯ ಮೇಲೆ ತೂಗಿ ಹಿಡಿಯುತ್ತಿದ್ದಳು. ಕೊನೆಗೆ ಕೆಂಡದ ಬೂದಿಯನ್ನು ಹಣೆಗೆ, ಅಂಗಾಲಿಗೆ ಒಂದೊಂದು ಬೊಟ್ಟು ಇಟ್ಟು, ನಾಲಗೆಗೂ ಒಂದಿಷ್ಟು ಸೋಕಿಸಿದರೆ ರಕ್ಷೆ ಪೂರ್ತಿಯಾಯಿತು.

ಒಂದು ಬೆಳಿಗ್ಗೆ ಬಚ್ಚಲಿಂದ ಮುದ್ದಮ್ಮ ಕೂಗಿಕೊಂಡಳು. ಗಂಡಸು ಹೋಗಬಾರದ ಜಾಗ ಎನ್ನುವುದನ್ನೂ ಮರೆತು ವಿಜಯಸಾರಥಿಗಳು ಓಡಿದರು. ಯೋಗಣ್ಣ ಅವರಿಗಿಂತ ಮೊದಲೇ ಒಳಗಿದ್ದ. ಬುಟ್ಟಿಯನ್ನು ಕಾಲಿನಿಂದ ಒದ್ದಿದ್ದ, ಕೆಂಡ ನೆಲದ ತುಂಬ ಚೆಲ್ಲಿತ್ತು. ಬೂದಿ ಹಚ್ಚಲು ಬಂದ ಮುದ್ದಮ್ಮನ ಕೈಗೆ ಪಟ್ ಪಟ್ ಎಂದು ಹೊಡೆಯುತ್ತಿದ್ದ. ಮಗುವನ್ನು ಎದೆಗೆ ಅವುಚಿಕೊಂಡು ಅವಳು ಗೋಡೆಗೆ ಒತ್ತಿ ನಿಂತಿದ್ದಳು.

"ದೊಡ್ಡಯ್ಯಾರಿಗೆ ಏನೋ ಮೆಟ್ಕಂಡೈತೆ, ಎಳ್ಕೊಳ್ರಪ್ಪಾ," ಎಂದಳು.

ಕೋಮಲವಲ್ಲಿ ಒಂದು ತೋಳು, ವಿಜಯಸಾರಥಿಗಳು ಒಂದು ತೋಳು ಹಿಡಿದು ಎಳೆದರು. ಮುದುಕನ ಮೈಯಲ್ಲಿ ಎಲ್ಲಿತ್ತೋ ಅಷ್ಟು ಶಕ್ತಿ. "ಸಿಹಿ," ಎಂದ. ತನ್ನ ಬಾಯಿಗೆ ತಾನೇ ಹೊಡೆದುಕೊಂಡ. "ಸಿಹಿ, ಸಿಹಿ," ಎನ್ನುತ್ತ ಮತ್ತೆ ಹೊಡೆದುಕೊಂಡ. ಆಮೇಲೆ ತಮ್ಮನ ಕಡೆ ತಿರುಗಿ, ಕೈಯೆತ್ತಿ, ಅವರ ಬಾಯಿಗೊಂದು ಹೊಡೆದ, ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದ ಹಾಗೆಯೇ.

ವಿಜಯಸಾರಥಿಗಳ ಕೈ ಸಡಿಲವಾಯಿತು. ನೆಲ ನೋಡಿದರು. ಚೆಲ್ಲಿದ ಕೆಂಡದ ನಡುವೆ ಪೂರ್ತಿ ಉರಿಯದ ಒಂದು ಕೊಳ್ಳಿ ಬಿದ್ದಿತ್ತು. ಅದರ ತುದಿಯಲ್ಲಿ ಹಸಿರು ಬಣ್ಣ ಸಣ್ಣಗೆ ಗುಳ್ಳೆ ಏಳುತ್ತಿತ್ತು. ಗುಳ್ಳೆಗಳ ಪಕ್ಕದಲ್ಲಿ ಆ ಕಚ್ಚುಗಳು.

ಒಲೆಯ ಪಕ್ಕದಲ್ಲಿ ಕಿಟಕಿಯ ಉಳಿದ ಚೂರುಗಳನ್ನು ಒಟ್ಟಿದ್ದರು, ಅಚ್ಚುಕಟ್ಟಾಗಿ ಸೀಳಿ. ಹಳೇ ಹೊನ್ನೆ ಮರ, ಒಳ್ಳೇ ಕಾವು, ಮನೆಯ ಮಗುವಿಗೆ ಮನೆಯದೇ ಮರ ಉರಿಸಿದರೆ ದೃಷ್ಟಿ ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿ ಮುದ್ದಮ್ಮ ಅವನ್ನು ಕೇಳಿ ಪಡೆದಿದ್ದಳು. ಕೋಮಲವಲ್ಲಿಯೇ ಕೊಟ್ಟಿಗೆಯ ಹಾಳೆ ಬಿಚ್ಚಿ ತೆಗೆದುಕೊಟ್ಟಿದ್ದರು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಕೊಟ್ಟಿದ್ದರು, ಯಜಮಾನರು ನೆಗಡಿಯಾಗುತ್ತೆ ಎಂದಿದ್ದರಲ್ಲ.

ಮಗುವಿನ ಹಣೆಯಲ್ಲಿ ನೆನ್ನೆಯ ಬೂದಿಯ ನೆರಳಿನ್ನೂ ಇತ್ತು. ವಿಜಯಸಾರಥಿಗಳಿಗೆ ಬಾಯಿ ತೆರೆಯಬೇಕಾಯಿತು. ಈ ಸಲ ಸುದ್ದಿಗೆ ತಲೆ ಬಾಚಲು ಪುರುಸೊತ್ತಿರಲಿಲ್ಲ.

"ವಿಷ," ಎಂದರು. "ಆ ಬಣ್ಣ ವಿಷ. ಹೊಗೆ ಇನ್ನೂ ವಿಷ. ಮಗೂನ ಹೊರಗೆ ತಗೊಂಡು ಹೋಗಿ."

ಹಿತಾ ಒದ್ದೆ ಕೂದಲಲ್ಲೇ ಮಗುವನ್ನು ಕಿತ್ತುಕೊಂಡು, ಹೊಸಿಲು ದಾಟಿ, ಬೀದಿಗೇ ಹೋಗಿ ನಿಂತಳು. ಮುದ್ದಮ್ಮ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಅಲ್ಲೇ ಕುಸಿದಳು. ಕೋಮಲವಲ್ಲಿ ಮಾತ್ರ ಅಲ್ಲಾಡಲಿಲ್ಲ.

"ಆ ಹುಡುಗಿ ನಿಮಗೆ ಹೇಳಿದ್ದು ಧೂಳು ಅಂತಲೋ, ವಿಷ ಅಂತಲೋ?"

"ವಿಷ ಅಂತ."

ಕೋಮಲವಲ್ಲಿ ಹಂಡೆಯ ನೀರನ್ನು ಚೊಂಬಿನಲ್ಲಿ ತೋಡಿ ತೋಡಿ ಒಲೆಗೆ ಸುರಿದರು. ಬೆಂಕಿ ಆರಿದ ಮೇಲೂ ಸುರಿಯುತ್ತಲೇ ಇದ್ದರು. ಗಂಡನ ಕಡೆಗೆ ಮತ್ತೆ ತಿರುಗಿ ನೋಡಲಿಲ್ಲ. ಆ ಮೌನದಲ್ಲಿ ನಿಂತಿರುವುದಕ್ಕಿಂತ ಬೈಸಿಕೊಳ್ಳುವುದೇ ಸುಖ ಎಂದು ವಿಜಯಸಾರಥಿಗಳಿಗೆ ಅನಿಸಿತು. ಬೈಗಳನ್ನು ದಿವ್ಯಾ ಕೊಟ್ಟಳು. ಸುದ್ದಿ ಕೇಳಿ ಓಡಿಬಂದ ಅವಳ ಜೀಪು ಎಲ್ಲರನ್ನೂ ಹತ್ತಿಸಿಕೊಂಡು ಹಾಸನದ ಆಸ್ಪತ್ರೆಯ ದಾರಿ ಹಿಡಿದ ಮೇಲೆ, ನಿಮ್ಮನ್ನು ನಂಬಿದ್ದು ನನ್ನ ತಪ್ಪು ಸರ್, ಮತ್ತೆ ಅದೇ ತಪ್ಪು ಮಾಡಿದೆ ಎಂದಳು. ದಾರಿಯುದ್ದಕ್ಕೂ ಮಗು ಅಳಲಿಲ್ಲ.

ಎಲ್ಲರ ರಕ್ತವನ್ನೂ ಪರೀಕ್ಷೆಗೆ ಕೊಟ್ಟರು. ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಹೆದರಿದಷ್ಟಿಲ್ಲ, ಆದರೆ ಇಲ್ಲದೆಯೂ ಇಲ್ಲ ಎಂದರು ಡಾಕ್ಟರು. ಆ ಮನೆಯಿಂದ ದೂರವಿಡಿ, ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ. ತಲೆಗೆ ಏನಾದರೂ ಆಗಿದೆಯೇ ಎಂಬುದು ಈಗ ಯಾರಿಗೂ ಗೊತ್ತಾಗುವುದಿಲ್ಲ, ಮಗು ಬೆಳೆದು ಮಾತು ಕಲಿಯುವಾಗಲೇ ಗೊತ್ತಾಗಬೇಕು. ಯೋಗಣ್ಣನ ಕಾಗದವನ್ನು ಮಾತ್ರ ಅವರು ಕನ್ನಡಕ ಒರೆಸಿಕೊಂಡು ಎರಡನೇ ಸಲ ಓದಿದರು. ಇವರು ಇಷ್ಟು ವರ್ಷ ಹೇಗೆ ಬದುಕಿದರು ಎಂದು ಕೇಳಿದರು.

ಅವತ್ತು ಸಂಜೆ ವಿಜಯಸಾರಥಿಗಳು ಅಣ್ಣನ ಪಕ್ಕದಲ್ಲಿ ಕೂತು ಅವನಿಗೆ ಎಲ್ಲವನ್ನೂ ಹೇಳಿದರು. ಕಿಟಕಿಯಲ್ಲಿ ವಿಷ ಇತ್ತು ಕಣೋ ಯೋಗಣ್ಣ, ದೇವರು ಏನೂ ಕೇಳಿರಲಿಲ್ಲ ಎಂದರು. ಆ ಮನೆಯಲ್ಲಿ ಅವನಿಗೆ ಯಾರಾದರೂ ಒಂದು ವಿಷಯ ಅಂತ ಕೂರಿಸಿ ಹೇಳಿದ್ದು ಅದೇ ಮೊದಲು. ಯೋಗಣ್ಣನಿಗೆ ಎಷ್ಟು ತಿಳಿಯಿತೋ ಏನೋ. ತಮ್ಮನ ತುಟಿಯ ಮೇಲೆ ತಾನು ಹೊಡೆದ ಜಾಗವನ್ನು ಬೆರಳಿನಿಂದ ಒರೆಸಿದ. ಹೊಟ್ಟೆಕಿಚ್ಚು ಎಂದುಕೊಂಡಿದ್ದ ಆ ಏಟುಗಳನ್ನೆಲ್ಲ ನೆನೆದು ವಿಜಯಸಾರಥಿಗಳು ಬಿಕ್ಕಿ ಬಿಕ್ಕಿ ಅತ್ತರು.

ತೊಟ್ಟಿಲ ಶಾಸ್ತ್ರ ಅರಸೀಕೆರೆಯಲ್ಲೇ ಆಯಿತು. ಮಗುವಿಗೆ ಮೇಧಿನಿ ಎಂದು ಹೆಸರಿಟ್ಟರು. ಈಗ ಅದು ಗೋಡೆ ಹಿಡಿದು ನಿಲ್ಲುತ್ತದೆ, ನಗುತ್ತದೆ, ಅಳುತ್ತದೆ ಕೂಡ. ವಾರಕ್ಕೊಮ್ಮೆ ವಿಜಯಸಾರಥಿಗಳು ಅಣ್ಣನ ಕೈ ಹಿಡಿದುಕೊಂಡು ಬಸ್ಸು ಹತ್ತಿ ಹೋಗುತ್ತಾರೆ. ಮನೆಯವರೆಲ್ಲ ಮಗುವಿನ ಮುಂದೆ ಕೂತು ಅಮ್ಮ ಅನ್ನು, ತಾತ ಅನ್ನು ಎಂದು ದಿನವಿಡೀ ಮಾತು ಕಲಿಸುತ್ತಾರೆ. ಕೋಮಲವಲ್ಲಿ ಗಂಡನ ಹತ್ತಿರ ಆಡುವ ಮಾತು ಇಂದಿಗೂ ಎಷ್ಟು ಬೇಕೋ ಅಷ್ಟೇ.

ಕಳೆದ ವಾರ ಹೋದಾಗ ಮೇಧಿನಿ ತಾತನ ಮೊಣಕಾಲು ಹಿಡಿದು ನಿಂತು, ಅವರ ಮುಖವನ್ನೇ ಬಹಳ ಹೊತ್ತು ನೋಡಿತು. ಏನೋ ಹೇಳುವಂತೆ ಬಾಯಿ ತೆರೆಯಿತು. ಎಲ್ಲರೂ ಮುಂದಕ್ಕೆ ಬಾಗಿದರು. ಮಗು ತುಟಿಯನ್ನು ಒಮ್ಮೆ ಮೆಲ್ಲಗೆ ನೆಕ್ಕಿಕೊಂಡಿತು. ಯೋಗಣ್ಣ ತಟ್ಟನೆ ಎದ್ದು ನಿಂತ. ಮೊದಲ ಮಾತು ಯಾವುದಾದರೂ ಆಗಲಿ, ಎಷ್ಟು ತಡವಾದರೂ ಆಗಲಿ, ಆ ಒಂದು ಮಾತು ಮಾತ್ರ ಬೇಡ ಎಂದು ವಿಜಯಸಾರಥಿಗಳು ಕಣ್ಣು ಮುಚ್ಚಿಕೊಂಡು ಕಾದರು.